ಮೂಕವಾದ ಓದಿನ ಕಪಾಟು

ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಆಪರೇಟರ್ ಎಂದೇ ಕರೆಯುತ್ತಿದ್ದರು. ಹುಟ್ಟಿನಿಂದಲೇ ಕಣ್ಣು ಕಾಣದವನು. ಓದು ಮುಗಿಸಿ ಟೆಲಿಫೋನ್ ಬೋರ್ಡಿನ ಮುಂದೆ ಕುಳಿತವನು ಮತ್ತೆ ಎದ್ದೇ ಇಲ್ಲ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಹೊರಗಿನಿಂದ ಬಂದ ಕರೆಯನ್ನು ವಾರ್ಡಿಗೋ, ರಕ್ತಪರೀಕ್ಷೆಯ ಕೋಣೆಗೋ, ಔಷಧದ ಅಂಗಡಿಗೋ ಜೋಡಿಸುವುದು ಅವನ ಕೆಲಸ. ಒಳಗಿನ ನಂಬರುಗಳೆಲ್ಲ ಬಾಯಿಪಾಠ. ಗಂಟಲು ಸರಿಮಾಡಿಕೊಳ್ಳುವ ಸದ್ದಿನಲ್ಲೇ ಯಾವ ಡಾಕ್ಟರೆಂದು ಹಿಡಿದುಬಿಡುತ್ತಿದ್ದ. ಒಮ್ಮೆ ದೊಡ್ಡ ಡಾಕ್ಟರು ಫೋನೆತ್ತಿ ಮಾತಾಡುವ ಮೊದಲೇ ಸೀನಿದಾಗ, "ಸಾರ್, ಔಷಧದ ಅಂಗಡಿಗೇ ಕೊಡ್ಲಾ?" ಎಂದು ಕೇಳಿದ್ದು ಇಡೀ ಆಸ್ಪತ್ರೆಯಲ್ಲಿ ಬಹಳ ದಿನ ಓಡಾಡಿತು.

ಕೆಲಸ ಹೊಟ್ಟೆಪಾಡಿಗೆ. ಅವನ ಜೀವ ಇದ್ದದ್ದು ಮನೆಯಲ್ಲಿದ್ದ 'ಕಪಾಟಿ'ನಲ್ಲಿ. ಹೆಸರಿಗೆ ಕಪಾಟು, ನೋಡಿದರೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತ ಅಂಗೈಯಗಲದ ಒಂದು ಕಂಪ್ಯೂಟರ್ ಪೆಟ್ಟಿಗೆ. ಕಣ್ಣು ಕಾಣದವರಿಗೆ ಬೇಕಾಗಿಯೂ ಯಾರೂ ಓದಿಕೊಡದ ಸಣ್ಣಪುಟ್ಟ ಬರಹಗಳನ್ನೆಲ್ಲ ಅವನು ಧ್ವನಿಯಲ್ಲಿ ಕೂಡಿಟ್ಟಿದ್ದ. ಔಷಧದ ಡಬ್ಬಿಯೊಳಗಿನ ಮಡಿಸಿದ ಚೀಟಿ, ಬಟ್ಟೆ ಒಗೆಯುವ ಯಂತ್ರದ ಬಳಕೆಯ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ, ಬಾಡಿಗೆ ಕರಾರಿನಲ್ಲಿ ಏನೇನಿರಬೇಕೆಂಬ ವಿವರ, ಕಾನೂನು ಓದುವವರಿಗೆ ಪಾಠದ ಟಿಪ್ಪಣಿ. ಓದಿಕೊಡಲು ವಾರ್ಡಿನ ನರ್ಸುಗಳಿದ್ದರು, ನಿವೃತ್ತ ಮೇಷ್ಟರಿದ್ದರು, ಬಿಡುವಿದ್ದಾಗ ಆಂಬುಲೆನ್ಸಿನ ಡ್ರೈವರೂ ಇದ್ದ. ಕೇಳುವವರು ಎಲ್ಲೆಲ್ಲಿಯವರೋ. ಅವರ ಫೋನಿನಲ್ಲಿ ಕಪಾಟಿನ ಹೆಸರೂ ಒಂದು ನಂಬರೂ ಇರುತ್ತಿತ್ತು. ಒತ್ತಿದರೆ ಸಾಕು, ಅವರ ಕೋರಿಕೆ ಇವನ ಮನೆಯ ರೂಟರಿಗೆ ಬಂದು, ಅಲ್ಲಿಂದ ಪೆಟ್ಟಿಗೆಗೆ ಹೋಗಿ, ಧ್ವನಿಯಾಗಿ ಹಿಂತಿರುಗುತ್ತಿತ್ತು. ರೂಟರಿಗೆ ಅವನು ಹೇಳಿಟ್ಟಿದ್ದ ನಿಯಮ ಒಂದೇ: ಈ ನಂಬರ್ ಕೇಳಿಕೊಂಡು ಹೊರಗಿನಿಂದ ಯಾರು ಬಂದರೂ ಪೆಟ್ಟಿಗೆಗೆ ಜೋಡಿಸು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಅನ್ನುತ್ತಾರೆಂದು ಗೊತ್ತಾದಾಗ ಅವನಿಗೆ ನಗು ಬಂದಿತ್ತು. ದಿನವಿಡೀ ಆಸ್ಪತ್ರೆಯಲ್ಲಿ ತಾನು ಮಾಡುವುದೂ ಅದನ್ನೇ ಅಲ್ಲವೇ.

ಅವನ ಹೆಂಡತಿಯದೂ ಫೋನಿನ ಕೆಲಸವೇ. ಮನೆಯಲ್ಲಿ ಹೊಡೆತ ತಿಂದು ದಿಕ್ಕು ತೋಚದ ಹೆಂಗಸರಿಗಾಗಿ ಇದ್ದ ಸಹಾಯವಾಣಿಯಲ್ಲಿ ಅವಳು ಆಪ್ತಸಲಹೆ ಕೊಡುತ್ತಿದ್ದಳು. ಒಳಕೋಣೆಯ ಬಾಗಿಲು ಹಾಕಿಕೊಂಡು ಕೂತರೆ ಗಂಟೆಗಟ್ಟಲೆ ಕೇಳುತ್ತಿದ್ದಳು, ಆಡುತ್ತಿದ್ದ ಮಾತು ಕಡಿಮೆ. ಆ ಮಾತುಗಳು ಬಾಗಿಲು ದಾಟಿ ಹೊರಗೆ ಬಂದದ್ದಿಲ್ಲ. ಅವನೂ ಕೇಳಿದವನಲ್ಲ.

ಒಂದು ಸಂಜೆ ಅವನು ಕೆಲಸದಿಂದ ಮನೆಗೆ ಬರುತ್ತಿದ್ದಾಗ ಗೇಟಿನ ಬಳಿ ಬೀಗದಕೈ ಗೊಂಚಲಿನ ಸದ್ದು ಕೇಳಿತು. ಯಾರೋ ಹತ್ತಿರ ಬಂದು ಬಹಳ ವಿನಯದಿಂದ, "ನಿಮ್ಮ ಕಪಾಟು ಚೆನ್ನಾಗಿ ನಡೀತಿದ್ಯಾ ಸಾರ್? ಮನೆಯವರು ಮನೇಲೇ ಇರ್ತಾರಲ್ಲ?" ಎಂದು ಕೇಳಿದರು. ಯಾರೆಂದು ಕೇಳುವಷ್ಟರಲ್ಲಿ ಗೊಂಚಲಿನ ಸದ್ದು ದೂರವಾಗಿತ್ತು. ಇದನ್ನು ಹೇಳಿದಾಗ ಹೆಂಡತಿಯ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಕೂತ ಸದ್ದೇ ಬೇರೆಯಾಗಿತ್ತು. ಯಾರೆಂದು ಅವಳಿಗೆ ಗೊತ್ತಾಯಿತು: ಅವಳ ಸಹಾಯದಿಂದ ಗಂಡನ ಮನೆ ಬಿಟ್ಟು ಹೋದ ಒಬ್ಬಳ ಗಂಡ ಅವನು. ತನ್ನ ಹೆಂಡತಿಗೆ ಸಹಾಯ ಮಾಡಿದವಳ ಹೆಸರು, ಮನೆ, ಕಣ್ಣು ಕಾಣದ ಗಂಡ, ಆ ಗಂಡ ನಡೆಸುವ ಕಪಾಟು, ಎಲ್ಲವನ್ನೂ ಎಲ್ಲಿಂದಲೋ ತಿಳಿದುಕೊಂಡಿದ್ದ. ಆಮೇಲೆ ದಿನವೂ ಎದುರು ರಸ್ತೆಯಲ್ಲಿ ನಿಲ್ಲತೊಡಗಿದ. ದೂರು ಕೊಟ್ಟಾಗ ಕೆಲವು ದಿನ ಮರೆಯಾದ, ಮತ್ತೆ ಬಂದ.

ಕೊನೆಗೆ ಸಹಾಯವಾಣಿಯವರೇ ಮುಂದೆ ನಿಂತು ಇಬ್ಬರನ್ನೂ ದೂರದ ಇನ್ನೊಂದು ಊರಿಗೆ ಕಳಿಸಿದರು. ಅಲ್ಲಿಯ ಆಸ್ಪತ್ರೆಯಲ್ಲಿ ಅವನಿಗೆ ಅದೇ ಬೋರ್ಡಿನ ಕೆಲಸ ಸಿಕ್ಕಿತು. ಎಲ್ಲಿಗೆ ಹೋದರೆಂದು ನೆಂಟರಿಗೂ ಹೇಳಲಿಲ್ಲ. ಸಹಾಯವಾಣಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹೆಂಗಸೊಬ್ಬಳಿದ್ದಳು. ಎಲ್ಲರ ಬಾಯಲ್ಲೂ ಸಿಸ್ಟಮ್ ಮೇಡಂ. ಅವಳೇ ಬಂದು ಹೊಸ ಮನೆಗೆ ಹೊಸ ರೂಟರ್ ಹಾಕಿ, ಅದರಲ್ಲಿ ವಿಪಿಎನ್ ಕೂರಿಸಿದಳು. ಇನ್ನು ಮೇಲೆ ಈ ಮನೆಯಿಂದ ಹೊರಡುವುದೆಲ್ಲ ಸುರಂಗದ ಒಳಗಿಂದ ಹೋಗಿ ಎಲ್ಲೋ ದೂರದ ಪಟ್ಟಣದಲ್ಲಿ ಹೊರಬೀಳುತ್ತದೆ. ನೋಡಿದವರಿಗೆ ಆ ಪಟ್ಟಣದ ವಿಳಾಸ ಕಾಣುತ್ತದೆಯೇ ಹೊರತು ಈ ಮನೆಯದ್ದಲ್ಲ ಎಂದು ವಿವರಿಸಿದಳು. ಅಂದು ಹೆಂಡತಿ ಬಹಳ ದಿನಗಳ ಮೇಲೆ ಕಿಟಕಿ ತೆರೆದಳು.

ಸಾಮಾನು ಬಿಚ್ಚಿದ ಮೇಲೆ ಅವನು ಮೊದಲು ಮಾಡಿದ್ದು ಕಪಾಟಿನ ಕೆಲಸ. ಪೆಟ್ಟಿಗೆಯನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ರೂಟರಿನ ಪುಟ ತೆರೆದು, ಪರದೆ ಓದುವ ತಂತ್ರಾಂಶದ ಧ್ವನಿಯನ್ನು ಹಿಂಬಾಲಿಸಿ ಹಳೆಯ ನಿಯಮವನ್ನೇ ಬರೆದ. ತನ್ನ ಫೋನಿನಲ್ಲಿ ಒತ್ತಿ ನೋಡಿದ. ಔಷಧದ ಚೀಟಿ ಓದುವ ನರ್ಸಮ್ಮನ ಧ್ವನಿ ಸ್ಪಷ್ಟವಾಗಿ ಬಂತು. ಕಪಾಟು ಮತ್ತೆ ತೆರೆದಿದೆ ಎಂದು ಎಲ್ಲರಿಗೂ ಸಂದೇಶ ಕಳಿಸಿ ನೆಮ್ಮದಿಯಿಂದ ಊಟಕ್ಕೆ ಕೂತ.

ತಟ್ಟೆ ಖಾಲಿಯಾಗುವ ಮೊದಲೇ ಫೋನ್ ಬಂತು. ವಕೀಲಮ್ಮ. ಇನ್ನೂ ವಕೀಲಳಾಗಿರಲಿಲ್ಲ, ಕಾನೂನಿನ ಕೊನೆಯ ಪರೀಕ್ಷೆ ಮುಂದಿತ್ತು. ಆದರೆ ಪ್ರತಿ ಮಾತಿಗೂ ಪಾಟಿಸವಾಲು ಹಾಕುವ ಅಭ್ಯಾಸದಿಂದ ಹೆಸರು ಮೊದಲೇ ಅಂಟಿಕೊಂಡಿತ್ತು. ಅವಳಿಗೂ ಕಣ್ಣು ಕಾಣದು. ಅವಳ ಓದೆಲ್ಲ ಕಪಾಟಿನಲ್ಲೇ ಇತ್ತು.

"ಅಣ್ಣಾ, ತೆರೆದಿದೆ ಅಂತ ಹೇಳಿದ್ರಿ. ಎಲ್ಲಿ ತೆರೆದಿದೆ?"

"ಯಾಕಮ್ಮ, ನಂಗೆ ಚೆನ್ನಾಗಿ ಕೇಳಿಸ್ತಿದೆ."

"ನೀವು ಪೆಟ್ಟಿಗೆ ಪಕ್ಕದಲ್ಲೇ ಕೂತಿದ್ದೀರಲ್ಲ, ನಿಮ್ಮ ಸಾಕ್ಷಿ ನಡೆಯಲ್ಲ. ಹೊರಗಿನವರ ಸಾಕ್ಷಿ ತಗೊಳ್ಳಿ."

ಅವಳ ಮಾತು ಸರಿಯಾಗಿತ್ತು. ಮನೆಯ ವೈಫೈಯಲ್ಲಿದ್ದ ಅವನ ಫೋನು ಒಳಗಿನಿಂದ ಒಳಗೇ ಮಾತಾಡಿತ್ತು. ವೈಫೈ ತೆಗೆದು ಮೊಬೈಲ್ ಡೇಟಾದಲ್ಲಿ ಒತ್ತಿದ. ಕಾದ. ಏನೂ ಇಲ್ಲ. ಉಳಿದವರ ಕರೆಗಳೂ ಒಂದೊಂದಾಗಿ ಬಂದವು. ಎಲ್ಲರದ್ದೂ ಒಂದೇ ದೂರು. ಕೆಲವು ದಿನ ಹಾಗೇ ಬಿಡಿ, ಈಗಷ್ಟೇ ಬಂದಿದ್ದೇವೆ ಎಂದು ಹೆಂಡತಿ ಸಮಾಧಾನ ಹೇಳಿದಳು. ಅವನು ಹೂಂ ಎಂದ. ಆದರೆ ಅವನ ಹೂಂ ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಕೆಲಸ ಕೈಗೆತ್ತಿಕೊಂಡರೆ ಮುಗಿಯುವ ತನಕ ಊಟ, ನಿದ್ರೆ, ಹೆಂಡತಿ ಎಲ್ಲಕ್ಕೂ ಅದೇ ಹೂಂ.

ಮರುದಿನ ಬೆಳಿಗ್ಗೆ ಇಂಟರ್ನೆಟ್ ಕೊಟ್ಟಿದ್ದ ಕೇಬಲ್‌ನವನನ್ನು ಕರೆಸಿದ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಕೆಲವು ಕಡೆ ಒಂದೇ ಇಂಟರ್ನೆಟ್ ವಿಳಾಸವನ್ನು ಹತ್ತಾರು ಮನೆಗಳಿಗೆ ಹಂಚಿರುತ್ತೇವೆ, ಹಾಗಿದ್ದರೆ ಹೊರಗಿನವರು ಒಳಗೆ ಬರಲು ಆಗುವುದೇ ಇಲ್ಲ, ಆದರೆ ನಿಮ್ಮ ಮನೆಗೆ ಸ್ವಂತ ವಿಳಾಸವೇ ಇದೆ ಎಂದ. ವಿಪಿಎನ್ ವಿಷಯ ತನಗೆ ತಿಳಿಯದು ಎಂದು ನೇರವಾಗಿ ಒಪ್ಪಿಕೊಂಡ. ಹೊರಡುವ ಮುನ್ನ ಮಾತ್ರ ಒಂದು ಮಾತು ಹೇಳಿದ.

"ಸಾರ್, ನಿಮ್ಮ ಕಪಾಟಿನ ಹೆಸರು ಹಾಕಿ ಹುಡುಕಿದ್ರೆ ಬರೋ ವಿಳಾಸ ನಮ್ದಲ್ಲ. ನಾವು ನಿಮಗೆ ಕೊಟ್ಟಿರೋದು ಬೇರೆ, ಇದು ಬೇರೆ."

ಹಿಡಿದುಕೊಳ್ಳಲು ಇಷ್ಟು ತುದಿ ಸಿಕ್ಕಿದ್ದೇ ಸಾಕಾಯಿತು. ಮನೆಯ ಇಂಟರ್ನೆಟ್ ವಿಳಾಸ ಆಗಾಗ ಬದಲಾಗುತ್ತಿದ್ದರಿಂದ, ಈಗಿನ ವಿಳಾಸ ಇದು ಎಂದು ಕಪಾಟಿನ ಹೆಸರಿಗೆ ತಿಳಿಸುತ್ತಿರುವ ಕೆಲಸವನ್ನು ಅವನು ಪೆಟ್ಟಿಗೆಗೇ ವಹಿಸಿದ್ದ. ಪೆಟ್ಟಿಗೆ ಈಗ ಸುರಂಗದೊಳಗಿಂದ ಹೋಗಿ ಕೇಳುತ್ತಿತ್ತು. ಹಾಗಾಗಿ ಅದಕ್ಕೆ ಸಿಗುತ್ತಿದ್ದದ್ದು ಆ ದೂರದ ಪಟ್ಟಣದ ವಿಳಾಸ. ಕೇಳುಗರೆಲ್ಲ ಅಲ್ಲಿಗೆ ಹೋಗಿ, ಯಾರ ಮನೆಯದೋ ಬಾಗಿಲು ಬಡಿದು ವಾಪಸಾಗುತ್ತಿದ್ದರು.

ಆ ಕೆಲಸವನ್ನು ಪೆಟ್ಟಿಗೆಯಿಂದ ತೆಗೆದು ರೂಟರಿಗೆ ಕೊಟ್ಟ. ಹೇಳಿದಷ್ಟು ಸುಲಭವಾಗಿರಲಿಲ್ಲ. ರೂಟರಿನ ಪುಟವನ್ನು ಮಾಡಿದವರು ಕಣ್ಣಿರುವವರನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅರ್ಧಕ್ಕರ್ಧ ಗುಂಡಿಗಳಿಗೆ ಹೆಸರೇ ಇರಲಿಲ್ಲ. ಪರದೆ ಓದುವ ಧ್ವನಿ "ಬಟನ್, ಬಟನ್, ಬಟನ್" ಎಂದು ಮಂತ್ರ ಜಪಿಸುತ್ತಿತ್ತು. ಒಂದನ್ನು ಒತ್ತುವುದು, ಏನು ಬದಲಾಯಿತೆಂದು ಇಡೀ ಪುಟ ಓದಿಸುವುದು, ಅಲ್ಲವೆಂದಾದರೆ ಹಿಂದಕ್ಕೆ ಬರುವುದು. ಒಮ್ಮೆ ರೂಟರನ್ನೇ ಆಫ್ ಮಾಡಿಬಿಟ್ಟ, ಹೆಂಡತಿಯ ಕರೆ ಕಡಿದುಹೋಯಿತು. ಒಳಕೋಣೆಯಿಂದ ಹೆಂಡತಿ, "ರೀ" ಎಂದಳು. ಅಷ್ಟೇ. ಆ ಒಂದಕ್ಷರ ಸಾಕಿತ್ತು. ಅಂದಿನಿಂದ ಅವಳ ಕರೆಗಳ ಪಾಳಿ ಮುಗಿದ ಮೇಲಷ್ಟೇ ರೂಟರಿಗೆ ಕೈ ಹಾಕುವುದೆಂದು ತೀರ್ಮಾನಿಸಿಕೊಂಡ.

ಭಾನುವಾರ ಮಧ್ಯಾಹ್ನ ಕಪಾಟಿನ ಹೆಸರು ಕೊನೆಗೂ ಮನೆಯ ವಿಳಾಸಕ್ಕೆ ತಿರುಗಿತು. ಕಪಾಟು ಮಾತ್ರ ಬಾಯಿ ಬಿಡಲಿಲ್ಲ.

ಬೇರೆಯವರಾದರೆ ಇಲ್ಲಿಗೆ ಕೈಚೆಲ್ಲುತ್ತಿದ್ದರೇನೋ. ಅವನು ಒಂದು ಉಪಾಯ ಮಾಡಿದ. ಹೊರಗಿನಿಂದ ಯಾರ ಕೋರಿಕೆ ಬಂದರೂ ಒಂದು ಸಣ್ಣ ಗಂಟೆ ಬಾರಿಸುವಂತೆ ಪೆಟ್ಟಿಗೆಗೆ ಹೇಳಿಟ್ಟ. ಬಡಿಯುವವರು ಬಾಗಿಲ ತನಕ ಬರುತ್ತಿದ್ದಾರೋ ಇಲ್ಲವೋ ಎಂಬುದನ್ನು ಮೊದಲು ಕಿವಿಯಾರೆ ಕೇಳಬೇಕಿತ್ತು. ವಕೀಲಮ್ಮನಿಗೆ ಫೋನ್ ಮಾಡಿ, ಕರೆ ಇಡಬೇಡ, ಹಾಗೇ ಒತ್ತು ಎಂದ.

ಅವಳು ಒತ್ತಿದಳು. ಚಪ್ಪಲಿ ಸ್ಟ್ಯಾಂಡಿನ ಮೇಲಿನಿಂದ ಗಂಟೆ 'ಟಿಣ್' ಎಂದಿತು. ಅವನ ಬೆನ್ನು ನೆಟ್ಟಗಾಯಿತು.

"ಬಂದೆ ನೀನು. ಇಲ್ಲಿ ಗಂಟೆ ಆಯ್ತು. ನಿಂಗೇನು ಕೇಳಿಸ್ತು?"

"ಏನೂ ಇಲ್ಲ ಅಣ್ಣಾ."

"ಇನ್ನೊಂದ್ಸಲ ಒತ್ತು."

ಟಿಣ್. ಮತ್ತೆ ಟಿಣ್. ಅವಳು ಬರುತ್ತಿದ್ದಾಳೆ, ಪೆಟ್ಟಿಗೆ ಎದ್ದು ಉತ್ತರ ಕೊಡುತ್ತಿದೆ, ಅವಳಿಗೆ ಮಾತ್ರ ಏನೂ ತಲುಪುತ್ತಿಲ್ಲ. ನೀವು ಉತ್ತರ ಕೊಟ್ಟಿದ್ದೀರಿ ಅನ್ನೋದಕ್ಕೆ ಪುರಾವೆ ಏನು ಎಂದು ವಕೀಲಮ್ಮ ಕೇಳಿದಳು. ಪೆಟ್ಟಿಗೆ ತನ್ನ ಕೆಲಸವನ್ನು ಬರೆದಿಡುವ ದಿನಚರಿಯನ್ನು ಅವನು ಓದಿಸಿದ. ಉತ್ತರ ಹೊರಟಿದೆ ಎಂದೇ ಇತ್ತು. ಹಾಗಾದರೆ ಹೊರಟದ್ದು ಹೋಯಿತೆಲ್ಲಿಗೆ?

ಈ ಗಂಟು ಬಿಚ್ಚಿಕೊಂಡದ್ದು ಸೋಮವಾರ, ಆಸ್ಪತ್ರೆಯ ಬೋರ್ಡಿನ ಮುಂದೆ. ಯಾರೋ ಒಬ್ಬರು ವಾರ್ಡಿಗೆ ಕರೆ ಮಾಡಿ, ಅಲ್ಲಿ ಯಾರೂ ಎತ್ತದೆ, ಇಟ್ಟುಬಿಟ್ಟಿದ್ದರು. ವಾರ್ಡಿನ ನರ್ಸು ಆಮೇಲೆ ತನ್ನ ಸ್ವಂತ ಮೊಬೈಲಿನಿಂದ ಅವರಿಗೆ ಕರೆ ಮಾಡಿದಳು. ಗೊತ್ತಿಲ್ಲದ ನಂಬರೆಂದು ಅವರು ಎತ್ತಲೇ ಇಲ್ಲ. "ಎಷ್ಟು ಮಾಡಿದ್ರೂ ಎತ್ತಲ್ಲ ನೋಡಿ, ಆಸ್ಪತ್ರೆ ನಂಬರಿಂದಾನೇ ಹಚ್ಚಿಕೊಡಿ" ಎಂದು ನರ್ಸು ಗೊಣಗಿದಳು. ಅವನ ಕೈ ಬೋರ್ಡಿನ ಮೇಲೇ ನಿಂತಿತು. ತನ್ನ ಪೆಟ್ಟಿಗೆ ಮಾಡುತ್ತಿರುವುದೂ ಇದನ್ನೇ. ವಕೀಲಮ್ಮ ಬಡಿಯುವುದು ಮನೆಯ ಮುಂಬಾಗಿಲು. ಪೆಟ್ಟಿಗೆಯ ಉತ್ತರ ಮಾತ್ರ ಸುರಂಗ ಹೊಕ್ಕು, ದೂರದ ಪಟ್ಟಣದಲ್ಲಿ ಹೊರಬಿದ್ದು, ಬೇರೆಯದೇ ವಿಳಾಸದಿಂದ ಅವಳನ್ನು ತಲುಪುತ್ತಿದೆ. ತಾನು ಕರೆದದ್ದು ಇವರನ್ನಲ್ಲ ಎಂದು ಅವಳ ಫೋನು ಅದನ್ನು ಬಿಸಾಡುತ್ತಿದೆ.

ಅಂದು ಸಂಜೆ ಹೆಂಡತಿಯ ಪಾಳಿ ಮುಗಿಯುವುದನ್ನೇ ಕಾದಿದ್ದು ರೂಟರಿನಲ್ಲಿ ಇನ್ನೊಂದು ನಿಯಮ ಬರೆದ: ಇಡೀ ಮನೆ ಸುರಂಗದಿಂದಲೇ ಹೋಗಲಿ, ಈ ಒಂದು ಪೆಟ್ಟಿಗೆ ಮಾತ್ರ ನೇರ ದಾರಿಯಲ್ಲಿ ಹೋಗಲಿ. ಮನೆಯೊಳಗೆ ರೂಟರು ಪೆಟ್ಟಿಗೆಗೆ ಕೊಟ್ಟಿದ್ದ ಒಳನಂಬರು ಬದಲಾಗದಂತೆ ಅದನ್ನೂ ಗಟ್ಟಿ ಮಾಡಿದ. ವಕೀಲಮ್ಮನಿಗೆ ಫೋನ್ ಹಚ್ಚಿದ. ಗಂಟೆ ಟಿಣ್ ಎಂದಿತು. ಒಂದು ಕ್ಷಣ ಬಿಟ್ಟು ಅವಳ ಕಡೆಯಿಂದ ನಿವೃತ್ತ ಮೇಷ್ಟರ ದಪ್ಪ ಧ್ವನಿ ಕರಾರಿನ ಕಾನೂನು ಓದತೊಡಗಿತು.

"ತೀರ್ಪು ನಿಮ್ಮ ಕಡೆಗೆ ಆಯ್ತು ಅಣ್ಣಾ" ಎಂದಳು ವಕೀಲಮ್ಮ.

ಮರುದಿನ ಬೆಳಗಿನ ತನಕ ಗಂಟೆ ಟಿಣ್ ಎನ್ನುತ್ತಲೇ ಇತ್ತು. ಅವನಿಗೆ ಹೊಟ್ಟೆ ತುಂಬಿದ ಹಾಗಿತ್ತು. ಚಹಾ ಕುಡಿಯುತ್ತಾ ತಾನು ಮಾಡಿದ್ದನ್ನು ಹೆಂಡತಿಗೆ ಉತ್ಸಾಹದಿಂದ ವಿವರಿಸಿದ. ಅವಳು ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಹಾಗಾದ್ರೆ ಈಗ ಕಪಾಟಿನ ಹೆಸರು ಹಾಕಿ ಹುಡುಕಿದವರಿಗೆ ಯಾವ ವಿಳಾಸ ಸಿಗುತ್ತೆ?"

ಅವನು ಚಹಾದ ಲೋಟ ಕೆಳಗಿಟ್ಟ. ಊರು ಬದಲಾಗಿತ್ತು, ಮನೆ ಬದಲಾಗಿತ್ತು, ಕೆಲಸದ ಜಾಗ ಬದಲಾಗಿತ್ತು. ಬದಲಾಗದೆ ಉಳಿದದ್ದು ಕಪಾಟಿನ ಹೆಸರೊಂದೇ. ಆ ಹೆಸರು ಗೇಟಿನ ಬಳಿ ಬೀಗದಕೈ ಆಡಿಸುತ್ತಾ ನಿಂತಿದ್ದವನಿಗೆ ಗೊತ್ತು. ಅದರ ಬಗ್ಗೆ ಅವನು ವಿಚಾರಿಸಿಯೂ ಇದ್ದ.

ಅವಳು ಬೈಯಲಿಲ್ಲ. ನಿಲ್ಲಿಸಿ ಎಂದೂ ಹೇಳಲಿಲ್ಲ. ಲೋಟ ಎತ್ತಿಕೊಂಡು ಒಳಗೆ ಹೋದಳು. ಅವನು ಕೂತಲ್ಲಿಂದ ಎದ್ದು ಪೆಟ್ಟಿಗೆಯ ವಯರನ್ನೇ ಎಳೆದ. ನಂತರ ರೂಟರಿನ ಪುಟ ತೆರೆದು, ಇಷ್ಟು ದಿನ ಒದ್ದಾಡಿ ಬರೆದ ನಿಯಮವನ್ನು ಅಳಿಸಿದ. ಹೆಸರಿನ ಮುಂದಿದ್ದ ಮನೆಯ ವಿಳಾಸವನ್ನೂ ತೆಗೆಸಿದ. ಕೆಲಸಕ್ಕೆ ಹೊರಡುವ ಮುನ್ನ ಸಿಸ್ಟಮ್ ಮೇಡಂಗೆ ಫೋನ್ ಮಾಡಿ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಅಂಥ ವಿಳಾಸದಿಂದ ಮನೆ ಬಾಗಿಲು ಸಿಗುವುದಿಲ್ಲ, ಆದರೆ ಊರು ಸಿಗುತ್ತದೆ, ಕೆಲವೊಮ್ಮೆ ಬಡಾವಣೆಯ ತನಕವೂ ಸಿಗಬಹುದು ಎಂದಳು ಅವಳು. ಅಲ್ಲಿಂದ ಆಚೆಗೆ, ಕಣ್ಣು ಕಾಣದ ಟೆಲಿಫೋನ್ ಆಪರೇಟರ್ ಯಾವ ಆಸ್ಪತ್ರೆಯಲ್ಲಿದ್ದಾನೆಂದು ಹುಡುಕುವುದು ಕಷ್ಟದ ಮಾತಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಮುಂದಿನ ಕೆಲವು ವಾರ ಕಣ್ಣಿಟ್ಟಿರುವಂತೆ ಸಹಾಯವಾಣಿಯವರಿಗೆ ತಿಳಿಸುತ್ತೇನೆಂದು ಅವಳು ಭರವಸೆ ಕೊಟ್ಟಳು. ಯಾರೂ ಬರಲಿಲ್ಲ. ಆದರೆ ಆ ವಾರಗಳಲ್ಲಿ ರಸ್ತೆಯ ಮೇಲಿನ ಪ್ರತಿ ಸದ್ದಿಗೂ ಅವನ ಕಿವಿ ನಿಮಿರುತ್ತಿತ್ತು.

ಕಪಾಟನ್ನು ಮುಚ್ಚಿಬಿಡುತ್ತಾನೆಂದು ಹೆಂಡತಿ ಅಂದುಕೊಂಡಿದ್ದಳು. ಆ ಮಾತನ್ನು ಅವಳೇ ಎತ್ತಿದಳು.

"ನನ್ನಿಂದ ನಿಮ್ಮ ಕೆಲಸ ನಿಂತೋಯ್ತು."

"ನಿನ್ನಿಂದ ಅಲ್ಲ, ಅವನಿಂದ. ಅವನಿಗೋಸ್ಕರ ನಾನ್ಯಾಕೆ ನಿಲ್ಲಿಸ್ಲಿ? ನಿನ್ನ ಬಾಗಿಲು ಮುಚ್ಚಿರ್ಬೇಕು, ನನ್ನ ಕಪಾಟು ತೆರೆದಿರ್ಬೇಕು. ಎರಡೂ ಆಗೋ ದಾರಿ ಇದ್ದೇ ಇರುತ್ತೆ. ಹುಡುಕ್ತೀನಿ."

ಹೇಳುವಾಗ ದಾರಿ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಬೆಳಗಿನ ಚಹಾದ ಜೊತೆ, ಸಿಕ್ಕಿದ್ದನ್ನೆಲ್ಲ ಕಿವಿಗೆ ಓದಿಸಿಕೊಂಡ. ಅರ್ಧ ಅರ್ಥವಾಗುತ್ತಿರಲಿಲ್ಲ, ಅರ್ಥವಾಗದ್ದನ್ನು ಮತ್ತೆ ಓದಿಸುತ್ತಿದ್ದ. ವಿಪಿಎನ್ ತೆಗೆದುಬಿಡಿ ಎಂದು ಹೇಳುವವರೇ ಹೆಚ್ಚು. ಪೆಟ್ಟಿಗೆಯನ್ನು ಬೇರೆಯವರ ಮನೆಯಲ್ಲಿಡಬಹುದಲ್ಲ ಎಂದು ವಕೀಲಮ್ಮ ಸೂಚಿಸಿದಳು. ತನ್ನ ತಲೆನೋವು ಇನ್ನೊಂದು ಮನೆಗೆ ಹೋಗುತ್ತದೆ ಅಷ್ಟೇ ಎಂದು ಅವನು ಒಪ್ಪಲಿಲ್ಲ.

ಒಂದು ದಿನ ಅವನೇ ಸಿಸ್ಟಮ್ ಮೇಡಂಗೆ ಬೇರೆ ರೀತಿಯ ಪ್ರಶ್ನೆ ಹಾಕಿದ. ಸುರಂಗದಿಂದ ಆಚೆಗೆ ಹೋಗಬಹುದಾದರೆ ಆಚೆಯಿಂದ ಈಚೆಗೆ ಯಾಕೆ ಬರಬಾರದು? ದೂರದ ಪಟ್ಟಣದ ಆ ತುದಿಯಲ್ಲೇ ಒಂದು ಬಾಗಿಲು ತೆರೆಸಿದರೆ, ಬಂದವರು ಅಲ್ಲೇ ಬಡಿಯಲಿ, ಸುರಂಗದ ಒಳಗಿಂದಲೇ ಪೆಟ್ಟಿಗೆಗೆ ಬರಲಿ, ಉತ್ತರವೂ ಅದೇ ದಾರಿಯಲ್ಲಿ ಹೋಗಲಿ. ಆ ಸೌಲಭ್ಯ ಕೆಲವು ಕಂಪನಿಗಳಲ್ಲಿ ಇರುತ್ತದೆ, ನಮ್ಮದರಲ್ಲಿ ಇದೆಯೇ ಕೇಳಿ ಹೇಳುತ್ತೇನೆ ಎಂದಳು. ಇತ್ತು, ಆದರೆ ಎಲ್ಲ ಪಟ್ಟಣಗಳಲ್ಲಿ ಅಲ್ಲ. ಅವರ ಸುರಂಗ ತೆರೆಯುತ್ತಿದ್ದ ಪಟ್ಟಣ ಆ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿದ್ದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಕಂಪನಿಯವರು ತಾವೇ ಒಂದು ಹೊಸ ನಂಬರು ಕೊಟ್ಟರು. ಹಳೆಯ ನಂಬರು ಬೇಕೆಂದರೆ ಆಗುವುದಿಲ್ಲ ಎಂದರು.

ಹೆಸರಿಗೆ ವಿಳಾಸ ತಿಳಿಸುವ ಕೆಲಸವನ್ನು ಅವನು ರೂಟರಿನಿಂದ ತೆಗೆದು ಮತ್ತೆ ಪೆಟ್ಟಿಗೆಗೇ ಕೊಟ್ಟ. ಮೊದಲು ಯಾವುದು ತಪ್ಪಾಗಿತ್ತೋ ಈಗ ಅದೇ ಬೇಕಾಗಿತ್ತು: ಕಪಾಟಿನ ಹೆಸರಿಗೆ ಸುರಂಗದ ಆಚೆ ತುದಿಯ ವಿಳಾಸವೇ ಇರಬೇಕು. ರೂಟರಿನಲ್ಲಿ ಹೊಸ ನಂಬರಿಗೆ ನಿಯಮ ಬರೆದ. ಮೊಬೈಲ್ ಡೇಟಾದಿಂದ ಒತ್ತಿದ. ಧ್ವನಿಯೂ ಇಲ್ಲ, ಈ ಸಲ ಗಂಟೆಯೂ ಇಲ್ಲ.

ಅಕ್ಷರ ಅಕ್ಷರ ಓದಿಸಿ ನೋಡಿದ. ನಂಬರ್ ಸರಿ, ಪೆಟ್ಟಿಗೆಯ ಒಳನಂಬರು ಸರಿ. ಸಿಸ್ಟಮ್ ಮೇಡಂ ಕಂಪನಿಗೆ ವಿಚಾರಿಸಿ, ಅವರ ಕಡೆ ಬಾಗಿಲು ತೆರೆದೇ ಇದೆ ಎಂದಳು. ಹಾಗಾದರೆ ತಡೆ ಇರುವುದು ಸುರಂಗಕ್ಕೂ ಪೆಟ್ಟಿಗೆಗೂ ನಡುವೆ, ರೂಟರಿನಲ್ಲೇ. ಅವನು ನಿಯಮದ ಪುಟವನ್ನು ಮೇಲಿನಿಂದ ಮತ್ತೆ ಹಿಡಿದ. ಹೆಸರಿಲ್ಲದ ಒಂದು ಆಯ್ಕೆಯ ಮೇಲೆ ಪ್ರತಿ ಸಲವೂ ಧ್ವನಿ "ಬಟನ್" ಎಂದಷ್ಟೇ ಹೇಳಿ ದಾಟುತ್ತಿತ್ತು, ಅವನೂ ದಾಟಿಬಿಡುತ್ತಿದ್ದ. ಈ ಸಲ ದಾಟಲಿಲ್ಲ. ಅದರ ಮೇಲೆ ನಿಂತು ಕೆಳಬಾಣ ಒತ್ತಿದ. ಒಳಗೆ ಒಂದು ಪಟ್ಟಿ ತೆರೆದುಕೊಂಡಿತು. ಹೊರಗಿನವರು ಯಾವ ದಾರಿಯಿಂದ ಬಂದರೆ ಈ ನಿಯಮ ನಡೆಯಬೇಕು ಎಂಬುದನ್ನು ಆರಿಸುವ ಜಾಗ ಅದು. ಅಲ್ಲಿ ಕೇಬಲ್ ದಾರಿಯೇ ಆಯ್ಕೆಯಾಗಿ ಕೂತಿತ್ತು. ಸುರಂಗದಿಂದ ಬಂದವರನ್ನು ರೂಟರು ನಿಮ್ಮ ಗುರುತಿಲ್ಲ ಎಂದು ಹೊಸ್ತಿಲಲ್ಲೇ ನಿಲ್ಲಿಸಿತ್ತು. ಬಾಣವನ್ನು ಮತ್ತೆ ಒತ್ತಿದ, ಧ್ವನಿ "ವಿಪಿಎನ್" ಎಂದಿತು. ಆರಿಸಿದ. ಉಳಿಸಿದ.

ತಾನೇ ಒತ್ತಿ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ. ಹೆಂಡತಿಯನ್ನು ಕರೆದು ಅವಳ ಫೋನನ್ನು ವೈಫೈಯಿಂದ ಬಿಡಿಸಿ, ನೀನೇ ಒತ್ತು ಎಂದ. ಅವಳು ಒತ್ತಿದಳು. ಗಂಟೆ ಟಿಣ್ ಎಂದಿತು, ಹಿಂದೆಯೇ ಆಂಬುಲೆನ್ಸ್ ಡ್ರೈವರ್ ಒಂದು ಕುಕ್ಕರಿನ ಬಳಕೆಯ ವಿಧಾನವನ್ನು ಯುದ್ಧದ ಸುದ್ದಿಯ ಹಾಗೆ ಓದತೊಡಗಿದ. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವನು, "ಈಗ ಹುಡುಕು" ಎಂದ. ಅವಳು ಕಪಾಟಿನ ಹೆಸರು ಹಾಕಿ ಹುಡುಕಿದಳು. ಸಿಕ್ಕ ವಿಳಾಸವನ್ನು ನಕ್ಷೆಯಲ್ಲಿಟ್ಟು ನೋಡಿದಳು. ಸಮುದ್ರದ ಆಚೆಗಿನ, ಇಬ್ಬರೂ ಹೆಸರು ಕೇಳಿದ್ದು ಬಿಟ್ಟರೆ ಕಂಡರಿಯದ ಒಂದು ಪಟ್ಟಣ.

"ಅಲ್ಲಿಗೆ ಹೋಗಿ ನಿಂತ್ಕೊಳ್ಲಿ ಬಿಡಿ" ಎಂದಳು.

ನಂಬರು ಬದಲಾದ್ದರಿಂದ ಕೇಳುಗರೆಲ್ಲರ ಫೋನಿನಲ್ಲೂ ಅದನ್ನು ತಿದ್ದಿಸಬೇಕಿತ್ತು. ಸಂದೇಶ ಕಳಿಸಿ ಕೂರಲಿಲ್ಲ. ಒಬ್ಬೊಬ್ಬರಿಗೂ ಕರೆ ಮಾಡಿ, ಎಲ್ಲಿ ಒತ್ತಬೇಕು, ಯಾವ ಅಂಕಿ ಅಳಿಸಬೇಕು ಎಂದು ಜೊತೆಗೇ ಇದ್ದು ಮಾಡಿಸಿದ. ವಕೀಲಮ್ಮ ಕ್ಷಣದಲ್ಲಿ ಮುಗಿಸಿ, ಕಳೆದುಹೋದ ದಿನಗಳ ಓದಿಗೆ ಪರಿಹಾರ ಕೇಳುತ್ತೇನೆಂದು ಹೆದರಿಸಿದಳು. ಕಿವಿ ಮಂದವಾದ ಒಬ್ಬ ಅಜ್ಜನಿಗೆ ಒಂದು ಅಂಕಿ ಹೇಳಿದರೆ ಇನ್ನೊಂದು ಕೇಳಿಸುತ್ತಿತ್ತು. ಅವರೊಬ್ಬರದ್ದೇ ಒಂದು ಬೆಳಗು ನುಂಗಿತು. ಎಲ್ಲಿಗೆ ಹೋದಿರಿ, ಯಾವ ಊರಿನಲ್ಲಿದ್ದೀರಿ ಎಂದು ಕೆಲವರು ಕೇಳಿದರು. ಇದ್ದೇನೆ, ನಿಮ್ಮ ಫೋನಿನಲ್ಲೇ ಇದ್ದೇನೆ ಎಂದು ಮಾತು ತಿರುಗಿಸಿದ.

ಒಂದೆರಡು ತಿಂಗಳ ನಂತರ ಒಂದು ಬೆಳಿಗ್ಗೆ ಹೆಂಡತಿ ಸಹಾಯವಾಣಿಯ ಒಂದು ಕರಪತ್ರ ತಂದು ಅವನ ಕೈಗಿತ್ತಳು. ಮನೆಯಲ್ಲಿ ಹೊಡೆತ ಬಿದ್ದಾಗ ಮೊದಲು ಏನು ಮಾಡಬೇಕು, ಯಾವ ಕಾಗದಗಳನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು, ಯಾರಿಗೆ ಹೇಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರಲ್ಲಿತ್ತು. ಕಣ್ಣು ಕಾಣದ ಹೆಂಗಸರಿಗೂ ಗಂಡಂದಿರು ಇರುತ್ತಾರೆ, ಈ ಕಾಗದ ಅವರಿಗೆ ಯಾರು ಓದಿ ಹೇಳುತ್ತಾರೆ ಎಂದಳು. ತನ್ನ ಧ್ವನಿ ಬೇಡ, ಗುರುತು ಹಿಡಿಯಬಹುದು ಎಂದೂ ಹೇಳಿದಳು.

ಅವನು ಅದನ್ನು ಹೊಸ ಆಸ್ಪತ್ರೆಯ ಹೆರಿಗೆ ವಾರ್ಡಿನ ಹಿರಿಯ ನರ್ಸಿಗೆ ಕೊಟ್ಟ. ಆಕೆ ಪಾಳಿ ಮುಗಿದ ಮೇಲೆ ಬಟ್ಟೆ ಇಡುವ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಆತುರವಿಲ್ಲದೆ ಓದಿಕೊಟ್ಟಳು. ಕಪಾಟಿನಲ್ಲಿ ಅದಕ್ಕೆ 'ಹೊಲಿಗೆಯಂತ್ರದ ಸೂಚನೆಗಳು, ಎರಡನೆಯ ಭಾಗ' ಎಂದು ಹೆಸರಿಟ್ಟರು. ಮನೆಯಲ್ಲಿ ಯಾರಾದರೂ ಪಕ್ಕದಲ್ಲಿದ್ದರೂ ಅನುಮಾನ ಬರಬಾರದು ಎಂಬುದು ಹೆಂಡತಿಯ ಲೆಕ್ಕಾಚಾರ. ಅದು ಏನೆಂದು ತಿಳಿದವರು ನಂಬಿಕೆಯವರ ಕಿವಿಯಲ್ಲಿ ಹೇಳಿದರು. ಪೆಟ್ಟಿಗೆ ಯಾರ ಹೆಸರನ್ನೂ ಬರೆದಿಟ್ಟುಕೊಳ್ಳುವುದಿಲ್ಲ. ಕೇಳುತ್ತಿದ್ದಾರೆ ಎಂಬುದಷ್ಟೇ ಅವನಿಗೆ ಗೊತ್ತು. ಯಾರೆಂದು ತಿಳಿಯಲು ಅವನು ಪ್ರಯತ್ನಿಸಿಯೂ ಇಲ್ಲ.